ಕಬ್ಬಿನ ಹಂಗಾಮಿನಲ್ಲಿ ಒಬ್ಬನೇ ಕ್ರಿಸ್ಮಸ್

ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡೋ ಕ್ರೈಸ್ತರಿಗೆ ಒಂದು ತೊಂದರೆ ಇದೆ. ಕ್ರಿಸ್ಮಸ್ ಬರೋದು ಡಿಸೆಂಬರ್‌ನಲ್ಲಿ, ಕಬ್ಬು ನುರಿಸುವ ಹಂಗಾಮು ಜೋರಾಗಿರೋದೂ ಡಿಸೆಂಬರ್‌ನಲ್ಲೇ. ಕಡಿದ ಕಬ್ಬು ಯಾರಿಗೂ ಕಾಯೋದಿಲ್ಲ. ಕಡಿದ ಹೊತ್ತಿನಿಂದಲೇ ಅದರ ತೂಕ ಇಳಿಯುತ್ತೆ, ಒಳಗಿನ ಸಕ್ಕರೆಯೂ ಇಳಿಯುತ್ತೆ. ಹಾಗಾಗಿ ಗಾಣ ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು. ರಸದ ಬ್ರಿಕ್ಸ್ ಎಷ್ಟು, ಪೋಲ್ ಎಷ್ಟು ಅಂತ ನೋಡೋಕೆ ಲ್ಯಾಬಿನಲ್ಲಿ ಒಬ್ಬ ಕೆಮಿಸ್ಟ್ ಎಚ್ಚರವಾಗಿರಬೇಕು. ಆ ಪಾಳಿಯ ಕೆಮಿಸ್ಟ್‌ಗಳಲ್ಲಿ ನಾನೂ ಒಬ್ಬ.

ನನ್ನ ಊರು ಗದಗ-ಬೆಟಗೇರಿ. 1841ರಲ್ಲಿ ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದರಲ್ಲ, ಆ ಕಾಲದಿಂದ ಬೆಳೆದುಬಂದ ಸಭೆ ನಮ್ಮದು. ಈಗ ಕೆಲಸಕ್ಕಾಗಿ ಮೂಡಲಗಿಯಲ್ಲಿ ಬಾಡಿಗೆ ಖೋಲಿ ಮಾಡಿಕೊಂಡಿದ್ದೇನೆ. ಹೋದ ಸಲದ ಹಂಗಾಮಿನಲ್ಲಿ ಹೇಗೋ ಪಾಳಿ ಬದಲಿಸಿಕೊಂಡು ಒಂದು ರಾತ್ರಿ ಊರಿಗೆ ಹೋಗಿಬಂದಿದ್ದೆ. 2025ರ ಕ್ರಿಸ್ಮಸ್‌ಗೆ ಅದೂ ಆಗಲಿಲ್ಲ. ಜೂನ್‌ನಲ್ಲಿ ಅಪ್ಪಾಜಿ ತೀರಿಕೊಂಡರು. ಅವ್ವ ಪುಣೆಯಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಬೆಟಗೇರಿಯ ಮನೆಗೆ ಬೀಗ ಬಿದ್ದಿದೆ. ನಾಲ್ಕು ದಿನ ರಜೆ ಕೇಳಿದೆ, ಸಿಗಲಿಲ್ಲ. 25ರ ಗುರುವಾರ ನನ್ನ ವಾರದ ರಜೆ ಬಿತ್ತು, ಅಷ್ಟೇ. ಒಂದೇ ದಿನದಲ್ಲಿ ಪುಣೆಗೆ ಹೋಗಿ ಬರೋದು ಅಂದ್ರೆ ಹಬ್ಬವನ್ನು ಬಸ್ಸಿನ ಸೀಟಿನಲ್ಲಿ ಕಳೆದಂಗೆ.

ಒಬ್ಬರೇ ಹಬ್ಬ ಮಾಡೋದು ಈಗ ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಹೊಸದಲ್ಲ. ಬೆಂಗಳೂರಿನ ಪೀಜಿಯಲ್ಲಿ ಉಳಿದವರಿದ್ದಾರೆ, ದುಬೈಯಲ್ಲಿ ನೈಟ್ ಡ್ಯೂಟಿ ಮಾಡೋ ನರ್ಸ್‌ಗಳಿದ್ದಾರೆ. ಆದ್ರೆ ಕ್ರಿಸ್ಮಸ್ ಒಂಟಿತನಕ್ಕೆ ಇನ್ನೊಂದು ಭಾರ ಇದೆ. ಇದು ಸಂತೋಷದ ಹಬ್ಬ ಅಂತ ಕಾರ್ಡಿನಲ್ಲಿ ಬರೆದಿರುತ್ತೆ, ಹಾಡಿನಲ್ಲಿ ಇರುತ್ತೆ, ಪ್ರಸಂಗದಲ್ಲೂ ಬರುತ್ತೆ. ಸಂತೋಷ ಆಗದಿದ್ರೆ ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇರಬೇಕು ಅನ್ನೋ ಅನುಮಾನ ಶುರುವಾಗುತ್ತೆ. ಮನೆ ನೆನಪಾಗೋದು ಒಂದು ಸಂಕಟವಾದ್ರೆ, ಈ ಅನುಮಾನ ಅದರ ಮೇಲೆ ಬಡ್ಡಿ.

ಹಬ್ಬಕ್ಕೆ ಐದಾರು ದಿನ ಮೊದಲು ಎಳ್ಳಮಾವಾಸ್ಯೆ ಇತ್ತು. ಮನೆ ಮಾಲಕರ ತಾಯಿ, ನಾನು ಅವ್ವಾ ಅಂತಲೇ ಕರೀತೀನಿ, ಹೊಲಕ್ಕೆ ಚರಗ ಚೆಲ್ಲೋಕೆ ಹೋಗುವಾಗ ನನ್ನನ್ನೂ ಟ್ರ್ಯಾಕ್ಟರ್ ಹತ್ತಿಸಿಕೊಂಡರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ. ಬದುವಿನ ಮೇಲೆ ಕೂತು ಉಣ್ಣುವಾಗ ಅವ್ವ ಕೇಳಿದರು:

"ನಿಮ್ಮ ಹಬ್ಬ ಯಾವಾಗಪಾ? ಊರಿಗೆ ಹೋಗಾಂವ ಅದಿಯೋ ಇಲ್ಲೋ?"

ಇಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಇನ್ನೊಂದು ರೊಟ್ಟಿ ನನ್ನ ಕೈಗೆ ಹಾಕಿ, "ಹಬ್ಬ ಅಂದ್ಮ್ಯಾಲ ಮಾಡಬೇಕಪಾ. ಬಿಡಬಾರದು" ಅಂದರು. ನಮ್ಮ ಧರ್ಮದ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದ್ರೆ ಆ ತಿಂಗಳು ನಾನು ಕೇಳಿದ ಎಲ್ಲ ಸಲಹೆಗಳಲ್ಲಿ ಇದೇ ಉಪಯೋಗಕ್ಕೆ ಬಂದದ್ದು. ಹಬ್ಬ ಅನ್ನೋದನ್ನು ಅವರು ಮನಸ್ಸಿಗೆ ಬಿಡಲಿಲ್ಲ, ಕೈಕಾಲಿಗೆ ಬಿಟ್ಟರು.

24ರ ರಾತ್ರಿ ನನ್ನದು ಎಂಟರಿಂದ ಬೆಳಗಿನ ನಾಲ್ಕರ ಪಾಳಿ. ಬೆಟಗೇರಿಯಲ್ಲಿ ಕ್ಯಾರೋಲ್ ತಂಡ ಬೀದಿ ಸುತ್ತುತ್ತಿರೋ ಹೊತ್ತಿಗೆ ನಾನು ರಸದ ಸ್ಯಾಂಪಲ್ ಸೋಸುತ್ತಿದ್ದೆ. ಅಂಗಳದಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಪ್ರತಿಯೊಂದರಲ್ಲೂ ಬೇರೆ ಬೇರೆ ಜಾನಪದ ಹಾಡು, ಎಲ್ಲವೂ ಎದೆ ಅದುರುವ ಬಾಸ್‌ನಲ್ಲಿ. ಹನ್ನೆರಡಕ್ಕೆ ಅಕ್ಕನ ವಿಡಿಯೊ ಕಾಲ್ ಬಂತು. ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವ್ವ ಕೈ ಬೀಸಿದಳು, ನಾನೂ ಬೀಸಿದೆ.

ನಾಲ್ಕಕ್ಕೆ ಬೈಕ್ ಹತ್ತಿ ಖೋಲಿಗೆ ಹೊರಟೆ. ಚಳಿ ಕೊರೀತಾ ಇತ್ತು. ರಸ್ತೆ ಪಕ್ಕದ ಹೊಲವೊಂದರಲ್ಲಿ ಕುರಿ ತರುಬಿದ್ದರು. ಬಲೆ ಕಟ್ಟಿ, ರಾತ್ರಿಯಿಡೀ ಹಿಂಡನ್ನು ಒಂದೇ ಹೊಲದಲ್ಲಿ ನಿಲ್ಲಿಸಿ ಗೊಬ್ಬರ ಬೀಳಿಸೋದು ನಮ್ಮ ಕಡೆ ಹಳೇ ಪದ್ಧತಿ. ಹೊಲದವರು ಅದಕ್ಕೆ ಕಾಳೋ ರೊಕ್ಕವೋ ಕೊಡ್ತಾರೆ. ಕುರಿಗಾರರು ತಿಂಗಳುಗಟ್ಟಲೆ ಮನೆ ಬಿಟ್ಟು ಹೀಗೇ ಹೊಲದಿಂದ ಹೊಲಕ್ಕೆ ಹೋಗ್ತಾರೆ. ಒಬ್ಬ ಕಂಬಳಿ ಹೊದ್ದು ಬೆಂಕಿ ಮುಂದೆ ಕೂತಿದ್ದ. ನಾಯಿ ಬೊಗಳಿತು. ಬೈಕ್ ನಿಧಾನ ಮಾಡಿದ್ದಕ್ಕೆ ಆತ ಕೂಗಿ ಕೇಳಿದ, "ಯಾರದು?"

"ಫ್ಯಾಕ್ಟ್ರಿಯಾಂವ್ರಿ, ಮನಿಗೆ ಹೊಂಟೀನಿ."

"ಹೋಗ್ರಿ, ಹೋಗ್ರಿ. ಇಬ್ಬನಿ ಬೀಳಾಕತ್ತೈತಿ."

ಇಷ್ಟೇ ಮಾತು. ಆದ್ರೆ ಖೋಲಿ ಮುಟ್ಟುವ ತನಕ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು. ಲೂಕನ ಸುವಾರ್ತೆಯಲ್ಲಿ ಕ್ರಿಸ್ತ ಹುಟ್ಟಿದ ಸುದ್ದಿ ಮೊದಲು ಯಾರಿಗೆ ಮುಟ್ಟುತ್ತೆ? ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಬೆಚ್ಚಗೆ ಮಲಗಿದ್ದವರಿಗಲ್ಲ. ಊರಾಚೆ ರಾತ್ರಿ ಪಾಳಿಯಲ್ಲಿದ್ದ ಕುರುಬರಿಗೆ. ಆ ಕುಟುಂಬವಾದ್ರೂ ಮನೆಯಲ್ಲಿತ್ತೇ? ಜನಗಣತಿಗೆ ಹೆಸರು ಬರೆಸೋಕೆ ಸರ್ಕಾರದ ಹುಕುಮಿನ ಮೇಲೆ ನಜರೇತಿನಿಂದ ಬೇತ್ಲೆಹೇಮಿಗೆ ಬಂದವರು. ತೊಟ್ಟಿಲು ನಜರೇತಿನಲ್ಲೇ ಉಳೀತು, ಹೆರಿಗೆ ಮಾಡಿಸೋಕೆ ತಾಯಿ ಮನೆಯವರೂ ಇರಲಿಲ್ಲ. ಛತ್ರದಲ್ಲಿ ಜಾಗ ಸಿಗದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದರು. ಮೊದಲ ಕ್ರಿಸ್ಮಸ್‌ನಲ್ಲಿ ತನ್ನ ಮನೆಯಲ್ಲಿದ್ದವರು ಒಬ್ಬರೂ ಇಲ್ಲ! ಮನೆ, ನಂಟರು, ಮಟನ್ ಬಿರಿಯಾನಿ, ಹೊಸ ಬಟ್ಟೆ ಎಲ್ಲ ನಾವು ಆಮೇಲೆ ಸೇರಿಸಿದ್ದು. ಸೇರಿಸಿದ್ದು ಒಳ್ಳೇದೇ, ನನಗೂ ಅದೆಲ್ಲ ಬೇಕು. ಆದ್ರೆ ಅದಿಲ್ಲದಿದ್ರೆ ಹಬ್ಬವೇ ಇಲ್ಲ ಅನ್ನೋ ಹಾಗಿಲ್ಲ. ಬೇತ್ಲೆಹೇಮ್ ಅನ್ನೋ ಹೀಬ್ರೂ ಹೆಸರಿನ ಅರ್ಥ ರೊಟ್ಟಿಯ ಮನೆ ಅಂತೆ. ಎಳ್ಳಮಾವಾಸ್ಯೆಯ ಸಜ್ಜಿ ರೊಟ್ಟಿ ನೆನಪಾಗಿ ಆ ಚಳಿಯಲ್ಲೂ ನಗು ಬಂತು.

ಮೂರು ತಾಸು ಮಲಗಿ ಎದ್ದೆ. ಇಸ್ತ್ರಿ ಅಂಗಿ ಹಾಕಿಕೊಂಡೆ. ಅವ್ವ ಹಿಂದಿನ ದಿನವೇ ಫೋನಿನಲ್ಲಿ ಒಂದು ಕೆಲಸ ಒಪ್ಪಿಸಿದ್ದಳು: ಹುಕ್ಕೇರಿಯಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದಾರೆ, ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ಕಲಿತವರು, ನಮ್ಮ ಸಭೆಯ ಪರಿಚಯ, ಒಬ್ಬರೇ ಇರ್ತಾರೆ, ಹೋಗಿ ಮಾತಾಡಿಸಿ ಬಾ. ನನಗೆ ಒಂದು ಗುರಿ ಸಿಕ್ಕಿತು. ಮೂಡಲಗಿಯಿಂದ ಗೋಕಾಕ, ಅಲ್ಲಿಂದ ಘಟಪ್ರಭಾ, ಹುಕ್ಕೇರಿ. ನಡುವೆ ಎಲ್ಲಿ ಬೇಕಾದ್ರೂ ನಿಲ್ಲಬಹುದು. ಒಂಟಿಯಾಗಿರೋದರ ದೊಡ್ಡ ಲಾಭ ಇದೊಂದೇ: ನಿಲ್ಲೋಕೆ ಯಾರನ್ನೂ ಕೇಳಬೇಕಾಗಿಲ್ಲ.

ಗುರ್ಲಾಪುರ ಕ್ರಾಸ್ ಅವತ್ತು ಶಾಂತವಾಗಿತ್ತು. ನವೆಂಬರ್ ಮೊದಲ ವಾರದಲ್ಲಿ ಇಲ್ಲೇ ಕಬ್ಬಿನ ದರಕ್ಕಾಗಿ ಸಾವಿರಾರು ರೈತರು ಹಗಲೂ ರಾತ್ರಿ ಕೂತಿದ್ದರು, ಟನ್ನಿಗೆ 3,500 ರೂಪಾಯಿ ಬೇಕು ಅಂತ. ಕೊನೆಗೆ 3,300ಕ್ಕೆ ಬಂದು ನಿಂತಿತು. ಆಗ ನಮ್ಮ ಗಾಣಗಳೂ ನಿಂತಿದ್ದವು. ಈಗ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಾಗುತ್ತಿವೆ. ರಸ್ತೆ ಬದಿ ಕಬ್ಬು ಕಡಿಯುವವರ ಗುಡಿಸಲುಗಳು. ಕಬ್ಬಿನ ಸೋಗೆಯ ಮಾಡು, ಮುಂದೆ ಮೂರು ಕಲ್ಲಿನ ಒಲೆ. ಬೀಡ್ ಕಡೆಯವರು, ವಿಜಯಪುರದ ತಾಂಡಾಗಳವರು, ಹಂಗಾಮು ಮುಗಿಯುವ ತನಕ ಇಲ್ಲೇ ಸಂಸಾರ. ಸೀರೆಯ ಜೋಳಿಗೆಯಲ್ಲಿ ಒಂದು ಕೂಸು ತೂಗುತ್ತಿತ್ತು. ಗೋದಲಿಗೆ ಗೊಂಬೆ ತರೋಕೆ ನಾವು ಪೇಟೆಗೆ ಹೋಗ್ತೀವಿ.

ಲೋಳಸೂರ ಸೇತುವೆ ದಾಟಿದರೆ ಗೋಕಾಕ. ಅಂಗಡಿ ಆಗಲೇ ತೆರೆದಿತ್ತು, ಎರಡು ಡಬ್ಬಿ ಕರದಂಟು ಕೊಂಡೆ. ಕರಿದ ಅಂಟೇ ಕರದಂಟು. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲದ ಪಾಕಕ್ಕೆ ಒಣಹಣ್ಣುಗಳ ಜೊತೆ ಹಾಕ್ತಾರೆ. ಬಾಣಂತಿಯರಿಗೆ ಅಂಟಿನ ಉಂಡಿ ಕೊಡುವ ನಾಡಿದು. ಕೂಸು ಹುಟ್ಟಿದ ಹಬ್ಬಕ್ಕೆ ಇದಕ್ಕಿಂತ ಸರಿಯಾದ ಸಿಹಿ ಯಾವುದು? ಕೇಕಿನ ಬಗ್ಗೆ ನನಗೇನೂ ತಕರಾರಿಲ್ಲ, ಆದ್ರೂ ಹೇಳಿದೆ.

ಆರಾಧನೆಗೆ ಹೋದದ್ದು ಗೋಕಾಕ ಫಾಲ್ಸ್ ಕಡೆಯ ಒಂದು ಚಿಕ್ಕ ಸಭೆಗೆ. ಈ ಭಾಗದ ಪ್ರೊಟೆಸ್ಟೆಂಟ್ ಚರಿತ್ರೆ ಬೆಟಗೇರಿಗಿಂತ ಹಳೇದು. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. 1904ರಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ಇನ್ನು ಗೋಕಾಕ ಫಾಲ್ಸ್ ಅಂದ್ರೆ ಗಿರಣಿಯ ಊರು. 1880ರ ದಶಕದಲ್ಲಿ ಶುರುವಾದ ಹತ್ತಿ ಗಿರಣಿ, 1887ರಿಂದಲೇ ಬೀಳುವ ನೀರಿನ ಬಲದ ಮೇಲೆ ನಡೆದದ್ದು. ಅಂಥ ಊರಿಗೆ ಎಲ್ಲ ಕಡೆಯಿಂದ ಜನ ಬಂದು ನೆಲೆಸ್ತಾರೆ. ಹಾಗಾಗಿ ಹೊರಗಿನವನು ಬಂದ ಅಂತ ಯಾರೂ ತಿರುಗಿ ನೋಡಲಿಲ್ಲ.

ಆದ್ರೆ ಒಬ್ಬರೇ ದೇವಾಲಯದೊಳಗೆ ಕಾಲಿಡೋದಿದೆಯಲ್ಲ, ಅದು ಸುಲಭ ಅಲ್ಲ. ಎಲ್ಲರೂ ಕುಟುಂಬ ಸಮೇತ, ಬೆಂಚು ತುಂಬಾ ಕೂತಿರ್ತಾರೆ. ನಾನು ಕೊನೇ ಬೆಂಚಿನ ತುದಿ ಹಿಡಿದೆ. ಹಾಡು ಶುರುವಾಯಿತು. ಬೆಟಗೇರಿಯಲ್ಲಿ ಹಾಡುವ ಅದೇ ರಾಗ. ಅಪ್ಪಾಜಿ ಬಾಸ್ ಹಿಡೀತಿದ್ದರು. ಎಷ್ಟೇ ಜನ ಹಾಡಿದ್ರೂ ಅವರ ದನಿ ಕೆಳಗಿನಿಂದ ಬೇರೆಯಾಗಿ ಕೇಳಿಸ್ತಿತ್ತು. ಎರಡನೇ ಚರಣಕ್ಕೆ ನನ್ನ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ನೋಡದೇ ತಮ್ಮ ಹಾಡಿನ ಪುಸ್ತಕವನ್ನು ಸ್ವಲ್ಪ ನನ್ನತ್ತ ಸರಿಸಿದರು. ಮೂರನೇ ಚರಣದಿಂದ ನಾನು ಬಾಸ್ ಹಿಡಿದೆ. ಚೆನ್ನಾಗೇನೂ ಬರಲಿಲ್ಲ.

ಕಷ್ಟದ ಹೊತ್ತು ಆಮೇಲೆ ಇರೋದು. ಆರಾಧನೆ ಮುಗಿದು, ಎಲ್ಲರೂ ಕೈಕುಲುಕಿ, ಕೇಕಿನ ಚೂರು ತಿಂದು, ಸ್ಕೂಟರ್ ಹತ್ತಿ ಮನೆಗೆ ಊಟಕ್ಕೆ ಹೊರಡುವ ಆ ಅರ್ಧ ಗಂಟೆ. ಒಂಟಿಯಾಗಿ ಹಬ್ಬ ಮಾಡುವವರು ಬೇರೇನೂ ಯೋಜನೆ ಮಾಡದಿದ್ರೂ ಈ ಅರ್ಧ ಗಂಟೆಗೆ ಒಂದು ಯೋಜನೆ ಇಟ್ಟುಕೊಳ್ಳಿ. ಖೋಲಿಗೆ ವಾಪಸ್ ಹೋಗಿ ಮಲಗಿದರೆ ಬೇರೆಯವರ ಸ್ಟೇಟಸ್ ನೋಡುತ್ತಲೇ ಸಂಜೆ ಆಗಿಬಿಡುತ್ತೆ. ನನಗೆ ಹುಕ್ಕೇರಿ ಇತ್ತು. "ಊಟಕ್ಕ ಬರ್ರಿ" ಅಂತ ಇಬ್ಬರು ಕರೆದರು. ಹಿರಿಯರೊಬ್ಬರು ಕಾಯ್ತಿದ್ದಾರೆ ಅಂದೆ. ಹಾಗೆ ಹೇಳುವಾಗಲೇ ಅರ್ಧ ಒಂಟಿತನ ಇಳಿದಿತ್ತು.

ಜಲಪಾತ ಹತ್ತಿರದಲ್ಲೇ. ಘಟಪ್ರಭೆ ಇಲ್ಲಿ 52 ಮೀಟರ್ ಎತ್ತರದಿಂದ, ಕುದುರೆ ಲಾಳದ ಆಕಾರದ ಬಂಡೆಯಿಂದ ಧುಮುಕುತ್ತಾಳೆ. ಅದು ಮಳೆಗಾಲದ ಮಾತು. ಜುಲೈ, ಆಗಸ್ಟಿನಲ್ಲಿ ಸೆಲ್ಫಿ ತೆಗೆಯೋಕೆ ಜಾಗ ಸಿಗೋದಿಲ್ಲ. ಡಿಸೆಂಬರ್‌ನಲ್ಲಿ ಕರಿ ಬಂಡೆಯ ಮೇಲೆ ಎರಡು ಮೂರು ಬಿಳಿ ಎಳೆ ಅಷ್ಟೇ. ಬಂದವರು ಮುಖ ಸಣ್ಣ ಮಾಡಿಕೊಂಡು ಹೋಗ್ತಾರೆ. ನನಗೆ ಈ ಸಲ ಹೀಗಿರೋದೇ ಹಿಡಿಸಿತು. ತುಂಬಿ ಬಿದ್ದಾಗ ಕಾಣದ ಬಂಡೆಯ ಪದರಗಳು ಈಗ ಕಾಣ್ತವೆ, ಮಹಾಲಿಂಗೇಶ್ವರ ಗುಡಿಯ ಚಾಲುಕ್ಯರ ಕಾಲದ ಕಲ್ಲುಕೆಲಸವನ್ನು ಗದ್ದಲವಿಲ್ಲದೆ ನೋಡಬಹುದು. ತೂಗುಸೇತುವೆಯನ್ನು ದೂರದಿಂದಲೇ ನೋಡಿ ಮುಂದೆ ಹೊರಟೆ.

ಧೂಪದಾಳದಲ್ಲಿ ಮತ್ತೆ ನಿಂತೆ. ಬ್ರಿಟಿಷರ ಕಾಲದ ಒಡ್ಡಿನ ಹಿಂದೆ ನಿಂತ ನೀರೇ ಈಗ ಘಟಪ್ರಭಾ ಪಕ್ಷಿಧಾಮ. ಚಳಿಗಾಲಕ್ಕೆ ಇಲ್ಲಿಗೆ ಡೆಮಾಯ್ಸೆಲ್ ಕ್ರೇನ್‌ಗಳು ಬರ್ತವೆ, ರಾಜಸ್ಥಾನದವರು ಕುರ್ಜಾ ಅಂತಾರಲ್ಲ ಆ ಹಕ್ಕಿ. ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಅತಿಥಿಗಳು. ನನಗೆ ಒಂದೂ ಕಾಣಲಿಲ್ಲ. ಬೆಳ್ಳಕ್ಕಿಗಳಿದ್ದವು, ನೀರುಕಾಗೆಗಳಿದ್ದವು, ದೂರದಲ್ಲಿ ಯಾವುದೋ ಬಾತುಗಳ ಗುಂಪು. ದನ ಮೇಯಿಸುತ್ತಿದ್ದ ಹುಡುಗನನ್ನು ಕೇಳಿದೆ. "ಅವು ಮುಂಜಾನೆ ಹೊಲಕ್ಕ ಹೋಗ್ತಾವ್ರೀ, ಕಾಳು ತಿನ್ನಾಕ. ಸಂಜಿಕ್ ಬರ್ರಿ" ಅಂದ. ಅವಕ್ಕೂ ಪಾಳಿ ಇದೆ ಅಂದುಕೊಂಡೆ. ಅವನಿಗೆ ಒಂದು ತುಂಡು ಕರದಂಟು ಕೊಟ್ಟೆ. ಯಾಕೆ ಅಂತ ಕೇಳಿದ. ಹಬ್ಬ ಅಂದೆ. "ಯಾವ ಹಬ್ಬ?" ಅಂದ. ಹೇಳಿದೆ. ಸಾಲಿಗೆ ಸೂಟಿ ಕೊಟ್ಟದ್ದು ಅದಕ್ಕೇ ಅಂತ ಅವನಿಗೆ ಆಗ ಹೊಳೆದು ಬಹಳ ಖುಷಿಯಾಯಿತು.

ಅಲ್ಲಿಂದ ಹಿಡಕಲ್ ಮೇಲೆ ಹಾದು ಹುಕ್ಕೇರಿಗೆ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ತುಂಬಿ ಹೊಳೀತಿತ್ತು. ಈ ನೀರಿನಡಿ ಹುನ್ನೂರಿನ ವಿಠ್ಠಲ ಗುಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿ ಮೇಲೆ ಕಾಣುತ್ತೆ, ಆಗ ಜನ ಹೋಗಿ ಕೈಮುಗಿದು ಬರ್ತಾರೆ. ಅಣೆಕಟ್ಟಿಗಾಗಿ ಊರು ಬಿಟ್ಟವರಿಗೆ ಹಬ್ಬಕ್ಕೆ ಊರಿಗೆ ಹೋಗೋದು ಅನ್ನೋ ಮಾತೇ ಇಲ್ಲ. ಬೆಟಗೇರಿಯ ನಮ್ಮ ಮನೆಗೆ ಬೀಗ ಬಿದ್ದಿದ್ದರೂ ಬೀಗದ ಕೈ ನನ್ನ ಬ್ಯಾಗಿನಲ್ಲಿದೆ. ಆ ನೀರಿನ ದಂಡೆಯಲ್ಲಿ ನಿಂತಾಗ ಇದು ಸಣ್ಣ ಸಂಗತಿ ಅನ್ನಿಸಲಿಲ್ಲ. ಅಪ್ಪಾಜಿಯನ್ನು ನೆನೆದು ಅಲ್ಲೇ ಸ್ವಲ್ಪ ಅತ್ತೆ. ಸಂತೋಷದ ದಿನ ಅಳಬಾರದು ಅಂತ ಯಾವ ಸುವಾರ್ತೆಯಲ್ಲೂ ಬರೆದಿಲ್ಲ.

ಹುಕ್ಕೇರಿ ಮುಟ್ಟಿದಾಗ ಮೂರು ದಾಟಿತ್ತು. ಆದಿಲ್‌ಶಾಹಿ ಕಾಲದ ಗುಮ್ಮಟಗಳ ಊರು. ಇನ್ನೊಂದು ವಿಶೇಷ, ಈ ತಾಲ್ಲೂಕಿಗೆ ಕರೆಂಟ್ ಹಂಚೋದು ಜನರದೇ ಸಹಕಾರಿ ಸಂಘ. ರಾಜ್ಯದಲ್ಲಿ ಬೇರೆಲ್ಲೂ ಹೀಗಿಲ್ಲ. ಓಣಿಯ ತುದಿಯ ಮನೆಯೊಂದರಲ್ಲಿ ಹಾಡಹಗಲಲ್ಲೇ ಕಾಗದದ ನಕ್ಷತ್ರದೊಳಗೆ ಬಲ್ಬು ಉರೀತಿತ್ತು. ವಿಳಾಸ ಕೇಳಬೇಕಾಗಲಿಲ್ಲ. ಓಣಿಯವರಿಗೆಲ್ಲ ಅವರು ನರ್ಸ್‌ಬಾಯಿ.

"ಬಾರೋ ತಮ್ಮಾ. ನಿಮ್ಮವ್ವ ಫೋನ್ ಮಾಡಿದ್ಲು. ಕೈಕಾಲು ತೊಳಕೋ, ಊಟ ತಣ್ಣಗಾಗೇತಿ."

ಅವರು ಊಟ ಮಾಡದೇ ಕಾದಿದ್ದರು. ಮೇಜಿನ ಮೇಲೆ ಕಸೂತಿ ಹಾಕಿದ ಬಿಳಿ ಬಟ್ಟೆ. ಮಟನ್ ಸಾರು, ಅನ್ನ, ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ. ಮೂಲೆಯಲ್ಲಿ ಸಣ್ಣ ಗೋದಲಿ, ಅದರೊಳಗಿನ ಒಂಟೆಗೆ ಒಂದು ಕಾಲಿಲ್ಲ. ಒಬ್ಬರಿಗೆ ಇಷ್ಟೆಲ್ಲ ಯಾಕೆ ಮಾಡಿದ್ರಿ, ನನಗೋಸ್ಕರನಾ ಅಂದೆ.

"ಹುಚ್ಚಪ್ಪಾ, ನೀ ಬರತಿ ಅಂತ ನಿನ್ನೆ ಗೊತ್ತಾತು. ಕರ್ಚಿಕಾಯಿ ಮಾಡಿ ನಾಕ್ ದಿನ ಆತು. ವರ್ಷಾ ಮಾಡತೀನಿ. ಮನಿಯವರು ಹೋಗಿ ಹದಿನಾಕು ವರ್ಷಾತು. ಮೊದಲನೇ ವರ್ಷ ಏನೂ ಮಾಡಲಿಲ್ಲ ನೋಡು, ಬಾಗಲಾ ಹಾಕ್ಕೊಂಡು ಮಕ್ಕೊಂಡೆ. ಸಂಜಿಕ್ ಓಣಿ ಹುಡುಗೂರು ಬಂದು ಬಾಗಲಾ ಬಡದೂ. ನರ್ಸ್‌ಬಾಯಿ, ಈ ಸಲ ಕರ್ಚಿಕಾಯಿ ಇಲ್ಲೇನ್ರಿ ಅಂದೂ. ಆವಾಗಿಂದ ಬಿಟ್ಟಿಲ್ಲ."

ಹಾಡು? ಅದನ್ನೂ ಕೇಳಿದೆ. ಬೆಳಿಗ್ಗೆ ಎದ್ದು ಒಬ್ಬರೇ ಹಾಡ್ತಾರಂತೆ, ಎಲ್ಲ ಚರಣಗಳನ್ನೂ. ಸಭೆಯಲ್ಲಾದ್ರೆ ಹೊತ್ತಾಯಿತು ಅಂತ ಒಂದೆರಡು ಚರಣ ಬಿಡ್ತಾರೆ, ಮನೆಯಲ್ಲಿ ಯಾರ ಗಡಿಬಿಡಿಯೂ ಇಲ್ಲ ಅಂತ ನಕ್ಕರು.

ಊಟ ಮಾಡ್ತಾ ಕೆಲಸದ ದಿನಗಳ ಕಥೆ ಹೇಳಿದರು. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡ್. ಹೆರಿಗೆಗೆ ಸೂಟಿ ಇರೋದಿಲ್ಲ, ಹಾಗಾಗಿ ಎಷ್ಟೋ ಕ್ರಿಸ್ಮಸ್ ರಾತ್ರಿ ಡ್ಯೂಟಿಯಲ್ಲೇ ಕಳೆದವು. ಹಂಗಾಮಿನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಬರೋರು, ಹೊಲದಿಂದ ನೇರ, ಮೈತುಂಬಾ ಸೋಗೆ ಗೀರಿದ ಗಾಯ. ಒಂದು ವರ್ಷ 24ರ ನಡುರಾತ್ರಿ ಟ್ರ್ಯಾಕ್ಟರ್‌ನಲ್ಲಿ ಒಬ್ಬಳನ್ನು ಕರೆತಂದರು. ಕೂಸಿಗೆ ಹೊದಿಸೋಕೆ ಅವರ ಹತ್ತಿರ ಬಟ್ಟೆ ಇರಲಿಲ್ಲ. ನರ್ಸ್‌ಬಾಯಿ ಬೆಳಿಗ್ಗೆ ಆರಾಧನೆಗೆ ಉಡೋಕೆ ಅಂತ ತಂದಿಟ್ಟಿದ್ದ ಹೊಸ ಸೀರೆಯ ಸೆರಗು ಹರಿದು ಸುತ್ತಿದರಂತೆ.

"ಸೀರಿ ಹರದದ್ದಕ್ಕ ಮನಿಯವರು ಬೈದರೇನು?" ಅಂತ ಕೇಳಿದೆ.

"ಬೈಲಿಲ್ಲ. ಉಳಿದ ಸೀರಿನೂ ಕೊಟ್ಟ ಬರಬೇಕಿತ್ತಿಲ್ಲೋ ಅಂದರು. ಅದಕ್ಕ ನಾನೇ ಅವರಿಗೆ ಬೈದೆ!"

ಐದಕ್ಕೆ ಓಣಿ ಮಕ್ಕಳು ಬಂದರು, ಏಳೆಂಟು ಜನ. ಕರ್ಚಿಕಾಯಿ ಹಂಚೋ ಕೆಲಸ ನನ್ನ ಪಾಲಿಗೆ ಬಂತು. ಒಬ್ಬಳು ಪುಟ್ಟಿ ಎರಡು ಸಲ ಸಾಲಿನಲ್ಲಿ ನಿಂತಳು, ನಾನು ಗುರುತು ಸಿಗದಂತೆ ಎರಡೂ ಸಲ ಕೊಟ್ಟೆ. ಪುಣೆಯಿಂದ ಮತ್ತೆ ವಿಡಿಯೊ ಕಾಲ್. ಈ ಸಲ ಎಲ್ಲ ಕೇಳಿಸಿತು. ಅವ್ವ ಮತ್ತು ನರ್ಸ್‌ಬಾಯಿ ಅರ್ಧ ತಾಸು ಬೆಟಗೇರಿಯ ಹಳೇ ಸುದ್ದಿ ತೆಗೆದರು. ಫೋನ್ ನನ್ನದು, ಚಾರ್ಜ್ ನನ್ನದು, ನನ್ನ ಜೊತೆ ಮಾತಾಡಿದ್ದು ಎರಡು ನಿಮಿಷ.

ಕತ್ತಲಾಗುವ ಮುಂಚೆ ಹೊರಟೆ. ಕರದಂಟಿನ ಡಬ್ಬಿಯನ್ನು ಅವರು ತೆರೆದು ವಾಸನೆ ನೋಡಿ, ಒಂದು ತುಂಡು ಬಾಯಿಗೆ ಹಾಕಿಕೊಂಡು, ಹಲ್ಲಿಗೆ ಗಟ್ಟಿ ಅಂದರು, ಆದ್ರೂ ಇನ್ನೊಂದು ತುಂಡು ತಗೊಂಡರು. ನನ್ನ ಬ್ಯಾಗಿಗೆ ಶಂಕರಪಾಳಿಯ ಡಬ್ಬಿ ತುರುಕಿದರು, ಮೂಡಲಗಿಯ ಅವ್ವನಿಗೆ ಅಂತ. ಬೈಕಿನ ತನಕ ಬಂದು, ಮಫ್ಲರ್ ಕಟ್ಟಿಕೋ ಅಂತ ಗದರಿಸಿ ಹೇಳಿದರು:

"ಬರೂ ವರ್ಷ ನಿಂಗ ಸೂಟಿ ಸಿಕ್ಕರ ಪುಣೆಕ್ಕ ಹೋಗು. ಅವ್ವನ ಕೂಡ ಇರು. ಸಿಗಲಿಲ್ಲಂದ್ರ ಇಲ್ಲಿಗೆ ಬಾ. ಮಟನ್ ಮಾತ್ರ ನೀ ತಗೊಂಡು ಬರಬೇಕು ನೋಡು, ರೇಟ್ ಭಾಳ ಆಗೇತಿ."